ಊಟಿ ದಾಟಿ ಕೋತಗಿರಿಯಲ್ಲಿ ಒಂದು ರಾತ್ರಿ

ಮೈಸೂರಿನಿಂದ ಊಟಿ ಮೇಲೆ ಕೊಯಮತ್ತೂರಿಗೆ ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. ರಾತ್ರಿ ಊಟಿಯಲ್ಲಿ ಉಳಿಯಬೇಡಿ. ಇನ್ನೊಂದು 30 ಕಿಲೋಮೀಟರ್ ಮುಂದೆ ಹೋಗಿ ಕೋತಗಿರಿಯಲ್ಲಿ ಉಳಿಯಿರಿ. ನಾವು ಅಮ್ಮನನ್ನು ಕರೆದುಕೊಂಡು ಹೋಗಿದ್ದೆವು. ಬಂದ ಮೇಲೆ ಅಮ್ಮ ಊಟಿಯ ಮಾತೇ ಎತ್ತಿಲ್ಲ. ಕೋತಗಿರಿಗೆ ಮತ್ತೆ ಯಾವಾಗ ಅಂತ ಕೇಳುತ್ತಿದ್ದಾರೆ.

ಹೊರಡುವ ಮೊದಲು ಇ-ಪಾಸ್ ಮಾಡಿಸಿಕೊಳ್ಳಿ. 2024ರ ಮೇ ತಿಂಗಳಿನಿಂದ ನೀಲಗಿರಿ ಜಿಲ್ಲೆಗೆ ಹೊರಗಿನ ಗಾಡಿಗಳು ಹೋಗಲು ಅದು ಬೇಕು. ಫೋನಿನಲ್ಲೇ ಆಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಇರುವುದರಿಂದ ಕೊನೆ ಗಳಿಗೆಗೆ ಬಿಡಬೇಡಿ. ನೀರಿಗೆ ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಬಾಟಲಿ ಅಲ್ಲಿ ನಡೆಯುವುದಿಲ್ಲ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ತೀರಾ ಬೇಗ ಹೊರಟರೆ ಗೇಟಿನ ಮುಂದೆ ಸುಮ್ನೆ ಕಾಯಬೇಕು. ನಾವು 5.30ಕ್ಕೆ ಮನೆ ಬಿಟ್ಟು, ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು ಕಾಡಿಗೆ ಹೊಕ್ಕೆವು. ಆನೆ ಕಂಡರೂ ಗಾಡಿ ನಿಲ್ಲಿಸಬೇಡಿ, ದಯವಿಟ್ಟು. ಅದು ಅವುಗಳ ಜಾಗ.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಮಸಿನಗುಡಿ ಕಡೆಯದು ಹತ್ತಿರ, ಆದರೆ ಕಲ್ಹಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಹಿಂದಿನ ಸಲ ಅಲ್ಲಿ ಅಮ್ಮ ಎರಡು ಸಲ ವಾಂತಿ ಮಾಡಿಕೊಂಡಿದ್ದರು. ಈ ಸಲ ಗೂಡಲೂರು ದಾರಿ ಹಿಡಿದೆವು. ದೂರ ಜಾಸ್ತಿ, ಆದರೆ ಏರು ನಿಧಾನ. ವಯಸ್ಸಾದವರಿದ್ದರೆ ಇದೇ ಸರಿ. ನಡುವಟ್ಟಂ ಹತ್ತಿರ ಟೀ ತೋಟಗಳ ನಡುವೆ ನಿಂತು ಕೈಕಾಲು ಆಡಿಸಿಕೊಳ್ಳಬಹುದು. ಊಟಿಯಲ್ಲಿ ನಾವು ಊಟಕ್ಕಷ್ಟೇ ನಿಂತೆವು.

ಕೋತಗಿರಿ ಚಿಕ್ಕ ಪೇಟೆ. ಸುಮಾರು 1,800 ಮೀಟರ್ ಎತ್ತರ. ಊಟಿಗಿಂತ ತಗ್ಗಿನಲ್ಲಿದೆ, ಹಾಗಾಗಿ ಚಳಿ ಅಷ್ಟು ಕೊರೆಯುವುದಿಲ್ಲ. ಒಂದು ಸ್ವೆಟರ್ ಸಾಕು. ಹೆಸರು ಬಂದದ್ದು ಕೋತರ ಕೇರಿಯಿಂದ. ಕೋತರು ಈ ಬೆಟ್ಟಗಳ ಹಳೆಯ ಕುಶಲಕರ್ಮಿ ಜನ. ಕೇರಿ ಅನ್ನುವುದು ನಮ್ಮದೇ ಪದ, ಅಲ್ವಾ? ಸುತ್ತಲಿನ ಬಡಗರ, ಅಂದರೆ ಇಲ್ಲಿನ ಬೇಸಾಯದ ಜನರ, ಊರುಗಳನ್ನು ಹಟ್ಟಿ ಅಂತಲೇ ಕರೆಯುತ್ತಾರೆ. ಯಕ್ಷಗಾನದ ತೆಂಕು, ಬಡಗು ಗೊತ್ತಲ್ಲ, ಅದೇ ಬಡಗು ಇಲ್ಲಿಯೂ. ಬಡಗಣ ದಿಕ್ಕಿನಿಂದ, ಅಂದರೆ ನಮ್ಮ ಮೈಸೂರು ಸೀಮೆ ಕಡೆಯಿಂದ ಬಂದವರು ಅಂತ ಅವರು ಹೇಳಿಕೊಳ್ಳುತ್ತಾರೆ. ಅವರ ಮಾತು ಕನ್ನಡಕ್ಕೆ ತೀರಾ ಹತ್ತಿರ.

ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಕ್ಯಾರೆಟ್ ಮಾರುತ್ತಿದ್ದ ಒಬ್ಬ ಅಜ್ಜಿಯ ಜೊತೆ ಅಮ್ಮ ಮಾತಿಗೆ ನಿಂತರು. ಇವರದು ಮೈಸೂರು ಕನ್ನಡ, ಅವರದು ಬಡಗ. ಮೊದಲು ಇಬ್ಬರೂ ತಡವರಿಸಿದರು. ಆಮೇಲೆ ಮಳೆ, ಮೊಮ್ಮಕ್ಕಳು, ಮಂಡಿನೋವು ಎಲ್ಲಾ ಬಂತು. ಅರ್ಧ ಗಂಟೆ ನಾವು ಪಕ್ಕದ ಅಂಗಡಿಯಲ್ಲಿ ಟೀಗೆ ವರ್ಕಿ ಅನ್ನುವ ಗರಿಗರಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಾ ಕಾದೆವು. ಹೊರಡುವಾಗ ಅಜ್ಜಿ ಒಂದು ಹಿಡಿ ಕ್ಯಾರೆಟ್ ಕೊಸರು ಹಾಕಿದರು. ನೀವೂ ಅಲ್ಲಿ ಹಿಂದಿ, ಇಂಗ್ಲಿಷ್ ಬಿಟ್ಟು ಮೊದಲು ಕನ್ನಡದಲ್ಲೇ ನಿಧಾನವಾಗಿ ಕೇಳಿ ನೋಡಿ.

ಮರುದಿನ ಬೆಳಿಗ್ಗೆ ಬೇಗ ಕೊಡನಾಡು ವ್ಯೂ ಪಾಯಿಂಟಿಗೆ ಹೋಗಿ. ಪೇಟೆಯಿಂದ ಸುಮಾರು 18 ಕಿಲೋಮೀಟರ್. ಹೊತ್ತು ಏರಿದರೆ ಮಂಜು ಮುಚ್ಚಿಕೊಳ್ಳಬಹುದು. ಕೆಳಗೆ ಆಳದಲ್ಲಿ ತೆಂಗುಮರಹಾಡ ಊರು, ಅದರ ಬಳಿ ಗೆರೆ ಎಳೆದಂತೆ ಮೋಯಾರ್ ಹೊಳೆ. ಹಿಂದಿನ ದಿನ ತೆಪ್ಪಕಾಡಿನಲ್ಲಿ ಹರಿಯುತ್ತಿದ್ದದ್ದು ಇದೇ ಹೊಳೆ ಅಂತ ಹೇಳಿದರೆ ಅಮ್ಮನಿಗೆ ನಂಬಲಾಗಲಿಲ್ಲ. ಸಮಯ ಉಳಿದರೆ ಕನ್ನೇರಿಮುಕ್ಕುವಿನಲ್ಲಿರುವ ಜಾನ್ ಸಲಿವನ್ ಬಂಗಲೆ ನೋಡಿ. 1819ರಲ್ಲಿ ಇಲ್ಲಿಗೆ ಬಂದ ಕೊಯಮತ್ತೂರಿನ ಕಲೆಕ್ಟರ್ ಆತ. ಈಗ ಅದು ಮ್ಯೂಸಿಯಂ.

ಮೆಟ್ಟುಪಾಳ್ಯಕ್ಕೆ ಇಳಿಯುವ ದಾರಿ 33 ಕಿಲೋಮೀಟರ್. ಗೇರ್ ತಗ್ಗಿಸಿ ಇಳಿಯಿರಿ, ಬ್ರೇಕನ್ನೇ ನೆಚ್ಚಿಕೊಳ್ಳಬೇಡಿ. ಕೊಯಮತ್ತೂರಿನ ಕೆಲಸ ಮುಗಿಸಿ ನಾವು ಸತ್ಯಮಂಗಲ, ದಿಂಬಂ ಮೇಲೆ ವಾಪಸ್ ಬಂದೆವು. ದಿಂಬಂನಲ್ಲಿ 27 ತಿರುವು, ಸುತ್ತಲೂ ಕಾಡು. ಕತ್ತಲಾಗುವ ಮೊದಲೇ ದಾಟಿಬಿಡಿ. ನಾವು ಮಧ್ಯಾಹ್ನವೇ ಹತ್ತಿ, ಚಾಮರಾಜನಗರದಲ್ಲಿ ಕಾಫಿ ಕುಡಿದು, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿದ್ದೆವು.