ತೊಳೆದು ತಣಿಸಿದ ಗಾಡಿಯಲ್ಲಿ ದೋಷ ಹುಡುಕಿದ್ದು

ಶಿವಮೊಗ್ಗದ ಸಾಗರ ರಸ್ತೆಯ ಕಡೆ ಒಂದು ಗ್ಯಾರೇಜಿನಲ್ಲಿ ನಾನು ಹದಿನೇಳು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಳೆದ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರ 2004ರ ಮಾರುತಿ 800 ಒಂದೇ ದೂರಿಗಾಗಿ ನಮ್ಮಲ್ಲಿಗೆ ಮೂರು ಸಲ ಬಂತು. ಮೊದಲ ಎರಡು ಸಲವೂ ನಾನು ತಪ್ಪು ಕಾರಣ ಹೇಳಿ ಕಳುಹಿಸಿದೆ, ಅದರಲ್ಲಿ ಒಂದು ಸಲ ಅವರಿಂದ ಎರಡು ಹೊಸ ಟೈರುಗಳನ್ನೂ ಕೊಳ್ಳಿಸಿದೆ. ಆ ಟೈರುಗಳ ನೆನಪು ಈಗಲೂ ನನ್ನನ್ನು ಚುಚ್ಚುತ್ತದೆ.

ಮೊದಲ ಸಲ ಬಂದಾಗ ಮೇಷ್ಟ್ರು ದೂರನ್ನು ಸ್ಪಷ್ಟವಾಗಿಯೇ ಹೇಳಿದ್ದರು. "ಹೊರಟಾಗ ಸರಿಯಾಗಿಯೇ ಇರುತ್ತಪ್ಪ. ಒಂದು ಇಪ್ಪತ್ತು ಕಿಲೋಮೀಟರು ಹೋದ ಮೇಲೆ ಎಡಕ್ಕೆ ಎಳೆಯೋಕೆ ಶುರು ಮಾಡುತ್ತೆ. ಆಗುಂಬೆ ಘಾಟಿ ಇಳಿದ ದಿನವಂತೂ ತೋಳೇ ನೋವು ಬಂದುಬಿಡುತ್ತೆ." ಇಷ್ಟು ಮಾತಿನಲ್ಲಿ ದೋಷದ ಮುಕ್ಕಾಲು ಪಾಲು ವಿವರವಿತ್ತು. ಆದರೆ ನಮ್ಮ ಜಾಬ್ ಕಾರ್ಡಿನ ಸಾಫ್ಟ್‌ವೇರಿನಲ್ಲಿ ಗಿರಾಕಿಯ ಮಾತನ್ನು ಬರೆದುಕೊಳ್ಳಲು ಜಾಗವೇ ಇಲ್ಲ, ಮೊದಲೇ ತುಂಬಿಟ್ಟ ಪಟ್ಟಿಯಿಂದ ಒಂದನ್ನು ಆರಿಸಬೇಕು. ಕೌಂಟರಿನ ಹುಡುಗಿ 'ಪುಲ್ಲಿಂಗ್ ಲೆಫ್ಟ್' ಎಂಬುದನ್ನು ಆರಿಸಿದಳು. "ಇಪ್ಪತ್ತು ಕಿಲೋಮೀಟರು ಹೋದ ಮೇಲೆ" ಎಂಬ ಮಾತು ಅಲ್ಲಿಯೇ ಬಿದ್ದುಹೋಯಿತು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದೆ, ಆದರೂ ಕೆಲಸಕ್ಕೆ ಕೈ ಹಾಕುವಾಗ ಕಾರ್ಡನ್ನು ನೋಡಿದೆನೇ ಹೊರತು ಅವರ ಮಾತನ್ನು ನೆನೆಯಲಿಲ್ಲ. ಅಷ್ಟರಲ್ಲಿ ಗಾಡಿ ವಾಟರ್ ವಾಶ್‌ಗೆ ಹೋಗಿತ್ತು. ಒಳಗೆ ಬಂದ ಪ್ರತಿ ಗಾಡಿಯನ್ನೂ ಮೊದಲು ತೊಳೆದು, ಆಮೇಲೆ ಸರದಿಗೆ ನಿಲ್ಲಿಸಬೇಕೆಂಬುದು ಮ್ಯಾನೇಜರರ ಕಟ್ಟುನಿಟ್ಟಿನ ನಿಯಮ. ಮೇಷ್ಟ್ರ ಗಾಡಿ ನನ್ನ ಕೈಗೆ ಸಿಕ್ಕಿದ್ದು ಮರುದಿನ ಬೆಳಿಗ್ಗೆ.

ಗಾಳಿ ಸರಿಮಾಡಿದೆ, ಚಕ್ರದ ಕೀಲುಗಳಾದ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ಅಲುಗಾಡಿಸಿ ನೋಡಿದೆ, ಸಡಿಲವಿರಲಿಲ್ಲ. ಎಡಗಡೆ ಚಕ್ರವನ್ನು ಹಿಡಿಯುವ ಲೋವರ್ ಆರ್ಮಿನ ರಬ್ಬರ್ ಬುಷ್ ಸ್ವಲ್ಪ ಹರಿದಿತ್ತು, ಅದನ್ನು ಬದಲಾಯಿಸಿ ಚಕ್ರಗಳ ಕೋನ ಅಳೆಯುವ ಅಲೈನ್‌ಮೆಂಟಿಗೆ ಹತ್ತಿಸಿದೆ. ಈ ಗಾಡಿಯಲ್ಲಿ ನಾವು ತಿರುಗಿಸಿ ಸರಿಪಡಿಸಬಹುದಾದದ್ದು ಟೋ ಒಂದೇ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಚಕ್ರದ ಓರೆಯಾದ ಕ್ಯಾಂಬರ್ ಮತ್ತು ಸ್ಟೇರಿಂಗ್ ಅಕ್ಷದ ಓರೆಯಾದ ಕ್ಯಾಸ್ಟರ್ ಕಂಪನಿ ಕೊಟ್ಟಂತೆಯೇ ಇರಬೇಕು. ಮುಂದಿನ ಟೋ ತಪ್ಪಿದ್ದರೆ ಟೈರು ಸವೆಯುತ್ತದೆ, ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ, ಆದರೆ ಅದೊಂದರಿಂದಲೇ ಗಾಡಿ ಒಂದು ಪಕ್ಕಕ್ಕೆ ಬಲವಾಗಿ ಎಳೆಯುವುದು ಅಪರೂಪ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಪರದೆಯ ಮೇಲೆ ಎಲ್ಲ ಅಂಕಿಗಳೂ ಹಸಿರಾದಾಗ ಮನಸ್ಸು ಒಪ್ಪಿಬಿಟ್ಟಿತು. ಮೂರು ಕಿಲೋಮೀಟರು ಓಡಿಸಿದೆ, ನೇರವಾಗಿ ಹೋಯಿತು. ವಾರದ ಬಳಿಕ ಮೇಷ್ಟ್ರು ಫೋನ್ ಮಾಡಿ ಇನ್ನೂ ಎಳೆಯುತ್ತಿದೆ ಎಂದಾಗ, ನಮ್ಮ ರಸ್ತೆಗಳು ನೀರು ಹರಿಯಲೆಂದು ನಡುವೆ ಎತ್ತರವಾಗಿ ಅಂಚಿಗೆ ಇಳಿಜಾರಾಗಿರುತ್ತವೆ, ಎಡಬದಿಯಲ್ಲಿ ಓಡುವ ಯಾವ ಗಾಡಿಯೂ ತುಸು ಎಡಕ್ಕೆ ವಾಲುತ್ತದೆ ಎಂದು ವಿವರಿಸಿದೆ. ಹೇಳಿದ್ದು ನಿಜವಾದ ಮಾತೇ. ಆದರೆ ಮೂವತ್ತು ವರ್ಷ ಅದೇ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ರಸ್ತೆಯ ವಾಲು ಯಾವುದು, ಗಾಡಿಯ ಎಳೆತ ಯಾವುದು ಎಂಬುದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂದು ನಾನು ಯೋಚಿಸಬೇಕಿತ್ತು.

ಎರಡನೆಯ ಸಲವೂ ಅದೇ ಕ್ರಮ: ವಾಶ್, ಸರದಿ, ರಾತ್ರಿಯಿಡೀ ಶೆಡ್ಡಿನಲ್ಲಿ ನಿಲುಗಡೆ. ಈ ಸಲ ಟೈರಿನ ಮೇಲೆ ಅನುಮಾನ ಬಂದು, ಮುಂದಿನ ಎರಡು ಚಕ್ರಗಳನ್ನು ಬಿಚ್ಚಿ ಎಡ ಬಲ ಅದಲುಬದಲು ಮಾಡಿದೆ. ರೇಡಿಯಲ್ ಟೈರಿನ ಒಳಗಿನ ಪಟ್ಟಿ ಓರೆಯಾಗಿದ್ದರೆ ಹೀಗೆ ಬದಲಿಸಿದಾಗ ಎಳೆತವೂ ಎಡದಿಂದ ಬಲಕ್ಕೆ ತಿರುಗಬೇಕು, ಆಗ ಮಾತ್ರ ತಪ್ಪು ಟೈರಿನದೆಂದು ಹೇಳಬಹುದು. ಈ ಗಾಡಿ ಬಲಕ್ಕೆ ಎಳೆಯಲಿಲ್ಲ, ಸುಮ್ಮನೆ ನೇರ ಹೋಯಿತು. ಅದನ್ನೇ ನಾನು ಪುರಾವೆ ಎಂದುಕೊಂಡೆ. ಟೈರಿನ ಪಕ್ಕೆಯಲ್ಲಿ 3216 ಎಂದಿತ್ತು, ಅಂದರೆ 2016ರ 32ನೆಯ ವಾರದ ಮಾಲು. ರಬ್ಬರು ಗಡುಸಾಗಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತಾದ್ದರಿಂದ ಮೇಷ್ಟ್ರನ್ನು ಒಪ್ಪಿಸುವುದು ಸುಲಭವಾಯಿತು.

ಅಂದು ಚಕ್ರ ಬಿಚ್ಚಿದ್ದಾಗ ಎಡಗಡೆಯ ಕ್ಯಾಲಿಪರ್, ಅಂದರೆ ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ, ನನ್ನ ಕಣ್ಣೆದುರಿಗೇ ಇತ್ತು. ಬಗ್ಗಿ ನೋಡಿದ್ದರೆ ಆ ಬದಿಯ ಬ್ರೇಕ್ ಪ್ಯಾಡ್ ಬಲಗಡೆಯದಕ್ಕಿಂತ ಅರ್ಧದಷ್ಟು ತೆಳ್ಳಗಾಗಿರುವುದು ಕಾಣುತ್ತಿತ್ತು. ಡಿಸ್ಕಿನ ಅಂಚು ಕಾವಿಗೆ ನೀಲಿಗಟ್ಟಿತ್ತು. ನಾನು ನೋಡುತ್ತಿದ್ದುದು ಟೈರನ್ನು ಮಾತ್ರ.

ಮೂರನೆಯ ಸಲ ಬಂದಾಗ ಮೇಷ್ಟ್ರು ಗಾಡಿಯ ಕೀಲಿಯನ್ನು ಕೌಂಟರಿನಲ್ಲಿ ಕೊಟ್ಟು ಹೋಗಲಿಲ್ಲ. ಹಿಂದಿನ ರಾತ್ರಿ ಶಿವಮೊಗ್ಗದಲ್ಲೇ ಮಗಳ ಮನೆಯಲ್ಲಿ ಉಳಿದು ಬೆಳಿಗ್ಗೆ ನೇರವಾಗಿ ಬಂದಿದ್ದರು. "ನೀವೇ ಓಡಿಸಿ, ನಾನು ಪಕ್ಕದಲ್ಲಿ ಕೂರ್ತೀನಿ. ನಮ್ಮೂರ ಕಡೆ ಹೋಗೋಣ" ಎಂದರು. ಐದು ಕಿಲೋಮೀಟರಿಗಿಂತ ದೂರದ ಟ್ರಯಲ್‌ಗೆ ಅನುಮತಿ ಬೇಕೆಂದು ಮ್ಯಾನೇಜರ್ ತಡೆದರು, ಮೇಷ್ಟ್ರು ಪೆಟ್ರೋಲು ತಮ್ಮದೇ ಎಂದ ಮೇಲೆ ಬಿಟ್ಟರು.

ಗಾಜನೂರು ದಾಟುವವರೆಗೂ ಗಾಡಿ ಗೆರೆ ಎಳೆದಂತೆ ನೇರವಾಗಿ ಓಡಿತು. ಸಕ್ರೆಬೈಲಿನ ಆಚೆ ತುಂಗೆಯ ದಂಡೆಯ ತಿರುವುಗಳು ಶುರುವಾಗಿ, ಮತ್ತೆ ಮತ್ತೆ ಬ್ರೇಕ್ ಒತ್ತುತ್ತ ಹೋದಂತೆ ಸ್ಟೇರಿಂಗ್ ನನ್ನ ಕೈಯಲ್ಲಿ ಎಡಕ್ಕೆ ಜಾರತೊಡಗಿತು. ನಾನು ಬಲಕ್ಕೆ ಒತ್ತಿ ಹಿಡಿದೆ. ಇನ್ನಷ್ಟು ದೂರ ಹೋಗುವಷ್ಟರಲ್ಲಿ ಗಾಡಿ ಭಾರವಾಗಿ, ಆಕ್ಸಿಲರೇಟರ್ ಬಿಟ್ಟೊಡನೆ ಯಾರೋ ಹಿಂದಿನಿಂದ ಹಿಡಿದಂತೆ ನಿಧಾನವಾಗುತ್ತಿತ್ತು. ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ನಾನು ಜೋರಾಗಿ ಬ್ರೇಕ್ ಒತ್ತಿದೆ. ಅಷ್ಟು ಹೊತ್ತು ಎಡಕ್ಕೆ ಎಳೆಯುತ್ತಿದ್ದ ಗಾಡಿ ಒಮ್ಮೆಲೇ ಬಲಕ್ಕೆ, ಬಸ್ಸಿನ ಕಡೆಗೆ ನುಗ್ಗಿತು. ಸ್ಟೇರಿಂಗನ್ನು ಮೊದಲೇ ಬಲಕ್ಕೆ ಒತ್ತಿ ಹಿಡಿದಿದ್ದ ನನಗೆ ಅದನ್ನು ಎಡಕ್ಕೆ ತಿರುಗಿಸಬೇಕೆಂದು ಹೊಳೆಯುವುದಕ್ಕೇ ಒಂದು ಕ್ಷಣ ಹಿಡಿಯಿತು. ಬಸ್ಸಿನ ಚಾಲಕ ತನ್ನ ಬದಿಯ ಮಣ್ಣಿಗೆ ಇಳಿಸಿದ್ದರಿಂದ ನಾವು ಉಳಿದೆವು. ಮೇಷ್ಟ್ರು ಎರಡೂ ಕೈಗಳನ್ನು ಡ್ಯಾಶ್‌ಬೋರ್ಡಿಗೆ ಊರಿ ಕೂತಿದ್ದರು, ಒಂದು ಮಾತೂ ಆಡಲಿಲ್ಲ.

ಮಂಡಗದ್ದೆಗೆ ಮೊದಲೇ ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ ಇಳಿದೆ. ಬಲಗಡೆಯ ಮುಂದಿನ ಚಕ್ರ ಮುಟ್ಟುವಷ್ಟು ಬೆಚ್ಚಗಿತ್ತು. ಎಡಗಡೆಯದರ ಹತ್ತಿರ ಅಂಗೈ ಒಯ್ಯಲೂ ಆಗಲಿಲ್ಲ, ಪ್ಯಾಡ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಹಾಕಿ ಎತ್ತಿದರೆ ಚಕ್ರ ಎರಡು ಕೈಯಲ್ಲಿ ತಿರುಗಿಸಿದರೂ ಮಿಸುಕಲಿಲ್ಲ. ಕ್ಯಾಲಿಪರಿನಿಂದ ಎಣ್ಣೆ ಹೊರಬಿಡುವ ಬ್ಲೀಡರ್ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದೆ. ಕಪ್ಪಗಾದ ಬ್ರೇಕ್ ಎಣ್ಣೆ ಚಿಮ್ಮಿತು, ಚಕ್ರ ತಾನಾಗಿಯೇ ಸಡಿಲವಾಯಿತು. ಪ್ಯಾಡನ್ನು ಒತ್ತುವ ಪಿಸ್ಟನ್ ಜಾಮ್ ಆಗಿದ್ದರೆ ನಿಪ್ಪಲ್ ತೆರೆದರೂ ಚಕ್ರ ಬಿಗಿಯಾಗಿಯೇ ಉಳಿಯುತ್ತಿತ್ತು. ಇಲ್ಲಿ ಕಾಲು ತೆಗೆದ ಮೇಲೂ ಎಣ್ಣೆಯ ಒತ್ತಡ ಕ್ಯಾಲಿಪರಿನಲ್ಲೇ ಸಿಕ್ಕಿಕೊಂಡಿತ್ತು. ನಿಪ್ಪಲ್ ಬಿಗಿಮಾಡಿ, ಪ್ರತಿ ಸಲ ಬ್ರೇಕ್ ಬಳಸಿದಾಗಲೂ ನಿಂತು ಚಕ್ರ ನೋಡುತ್ತ, ಎರಡನೆಯ ಗೇರಿನಲ್ಲೇ ಗ್ಯಾರೇಜಿಗೆ ಮರಳಿದೆವು.

ಗ್ಯಾರೇಜಿನಲ್ಲಿ ಬ್ರೇಕ್ ಒತ್ತಿ ಬಿಟ್ಟು, ಕ್ಯಾಲಿಪರಿಗೆ ಎಣ್ಣೆ ಒಯ್ಯುವ ಹೋಸಿನ ಮೇಲ್ತುದಿಯ ಕಬ್ಬಿಣದ ಪೈಪನ್ನು ಸಡಿಲಿಸಿದಾಗ ಚಕ್ರ ಬಿಗಿಯಾಗಿಯೇ ಇತ್ತು, ಕೆಳಗಿನ ನಿಪ್ಪಲ್ ತೆರೆದೊಡನೆ ತಿರುಗಿತು. ಹಾಗಾಗಿ ಪೆಡಲ್ ಒತ್ತಿದಾಗ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ತಪ್ಪಲ್ಲ, ನಡುವಿನ ರಬ್ಬರ್ ಹೋಸಿನದು. ಬಿಚ್ಚಿ ಉದ್ದಕ್ಕೆ ಸೀಳಿ ನೋಡಿದೆ. ಹೊರಮೈ ಚೆನ್ನಾಗಿಯೇ ಇತ್ತು. ಒಳಪದರ ಊದಿ, ಒಂದು ಕಡೆ ಸಿಪ್ಪೆಯಂತೆ ಎದ್ದು ದಾರಿಯನ್ನು ಮುಚ್ಚಿತ್ತು. ಕಾಲಿನ ಒತ್ತಡಕ್ಕೆ ಎಣ್ಣೆ ನುಸುಳಿ ಮುಂದೆ ಹೋಗುತ್ತದೆ, ಹಿಂದಿರುಗಲು ಸಾಕಷ್ಟು ಒತ್ತಡವಿಲ್ಲದೆ ಅಲ್ಲೇ ಉಳಿಯುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಎಡಗಡೆಗೆ ಎಣ್ಣೆ ತಡವಾಗಿ ತಲುಪಿ ಬಲಗಡೆ ಮೊದಲು ಹಿಡಿಯುವುದೂ ಅದರಿಂದಲೇ. ರಾತ್ರಿಯಿಡೀ ನಿಂತರೆ ಒತ್ತಡ ಮೆಲ್ಲಗೆ ಜಿನುಗಿ ಇಳಿದು ಗಾಡಿ ನೇರವಾಗುತ್ತದೆ. ನಾನು ಎರಡು ಸಲವೂ ಪರೀಕ್ಷಿಸಿದ್ದು ಅಂಥ ಗಾಡಿಯನ್ನು. ಎರಡೂ ಬದಿಯ ಹೋಸು, ಪ್ಯಾಡ್, ಹೊಸ ಡಾಟ್ 3 ಬ್ರೇಕ್ ಎಣ್ಣೆ ಹಾಕಿ, ಮತ್ತೆ ಮಂಡಗದ್ದೆಯವರೆಗೆ ಹೋಗಿ ಬಂದ ಮೇಲೆಯೇ ಕೀಲಿ ಕೊಟ್ಟೆ.

ಅಂದು ಸಂಜೆ ವಾಶಿಂಗ್ ಹುಡುಗ ಹೇಳಿದ: "ಅಣ್ಣಾ, ಮೊದಲ ಸಲವೇ ಆ ಚಕ್ರಕ್ಕೆ ನೀರು ಬಿಟ್ಟಾಗ ಚೊಯ್ ಅಂತ ಹೊಗೆ ಎದ್ದಿತ್ತು. ರಿಮ್ ತುಂಬ ಕಪ್ಪು ಪುಡಿ ಇತ್ತು, ಉಜ್ಜಿ ತೆಗೆದೆ." ಅವನನ್ನು ಯಾರೂ ಕೇಳಿರಲಿಲ್ಲ, ಹೇಳಬೇಕೆಂದು ಯಾರೂ ಕಲಿಸಿರಲೂ ಇಲ್ಲ.

ವಾಶ್ ಮೊದಲು ಎಂಬ ನಿಯಮವನ್ನು ಬದಲಿಸಲು ಮ್ಯಾನೇಜರ್ ಈವರೆಗೆ ಒಪ್ಪಿಲ್ಲ. ಹಾಗಾಗಿ ಎಳೆತದ ದೂರಿನ ಗಾಡಿ ಬಂದರೆ ನಾನೇ ಗೇಟಿಗೆ ಹೋಗಿ ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡುತ್ತೇನೆ, ಗಿರಾಕಿಯ ಮಾತನ್ನು ಕಾರ್ಡಿನ ಹಿಂಬದಿಯಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತೇನೆ. ಹೋಸಿನ ಕೆಲಸಕ್ಕೆ ಕೂಲಿ ಬಿಟ್ಟರು, ಟೈರಿನ ಹಣ ಮಾತ್ರ ಮೇಷ್ಟ್ರಿಗೆ ಇನ್ನೂ ಮರಳಿಲ್ಲ. ಹಳೆಯ ಟೈರು ಹೇಗೂ ಬದಲಿಸಬೇಕಿತ್ತು ಎಂಬುದು ಮ್ಯಾನೇಜರರ ವಾದ. ಬದಲಿಸಬೇಕಿತ್ತು ನಿಜ, ಆದರೆ ನಾನು ಆ ಕಾರಣ ಹೇಳಿ ಮಾರಿರಲಿಲ್ಲ. ಈ ತಿಂಗಳ ಸಭೆಯಲ್ಲಿ ಮತ್ತೊಮ್ಮೆ ಕೇಳುವವನಿದ್ದೇನೆ.