ನೀಲಿ ಹೊದಿಕೆಯ ಆಲ್ಬಂ

ಇಂದು ಸಂಜೆ ಹೆಡ್‌ಫೋನ್‌ನಲ್ಲಿ ಸ್ವೀಡನ್ನಿನ ಸಾಕ್ರಮೆಂಟಮ್ ತಂಡದ 'ಫಾರ್ ಅವೇ ಫ್ರಮ್ ದಿ ಸನ್' ಆಲ್ಬಂ ಕೇಳುತ್ತಿದ್ದಾಗ, ಗಿಟಾರ್‌ಗಳ ಅಬ್ಬರದ ಕೆಳಗೆ ಬೇಸ್ ಗಿಟಾರ್ ತನ್ನದೇ ಒಂದು ರಾಗವನ್ನು ನುಡಿಸಿಕೊಂಡು ಹೋಗುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು.

ಚೀರುವ ಕಂಠ, ಅತಿವೇಗದ ಗಿಟಾರ್‌ಗಳ ಕರಾಳ ಸಂಗೀತವಾದ ಬ್ಲ್ಯಾಕ್ ಮೆಟಲ್‌ನಲ್ಲಿ ಇದು ಅಪರೂಪ. ಅಲ್ಲಿ ಸಾಮಾನ್ಯವಾಗಿ ಬೇಸ್ ವಾದ್ಯವು ಗಿಟಾರ್‌ನ ಗದ್ದಲದಲ್ಲಿ ಕರಗಿಹೋಗುತ್ತದೆ. ಇಲ್ಲಿ ಮಾತ್ರ, ಹಾಡುವ ನಿಸ್ಸೆ ಕಾರ್ಲೆನ್ ಅವರೇ ಬೇಸನ್ನೂ ನುಡಿಸುತ್ತಾರೆ. ಕಂಠ ಚೀರುತ್ತಿರುವಾಗಲೂ ಅವರ ಬೆರಳುಗಳು ಬಹಳ ಇಂಪಾದ ದಾರಿಯೊಂದನ್ನು ಹಿಡಿದಿರುತ್ತವೆ.

ಫಾಲ್‌ಷೋಪಿಂಗ್ ಎಂಬ ಊರಿನ ಈ ತಂಡ 1995ರಲ್ಲಿ ಸಂಗೀತಗಾರ ಡ್ಯಾನ್ ಸ್ವಾನೊ ಅವರ ಯೂನಿಸೌಂಡ್ ಸ್ಟುಡಿಯೋದಲ್ಲಿ ಇದನ್ನು ಧ್ವನಿಮುದ್ರಿಸಿತು. 1996ರಲ್ಲಿ ಫ್ರಾನ್ಸಿನ ಸಣ್ಣ ಕಂಪನಿಯೊಂದು ಹೊರತಂದಿತು. ಮುಖಪುಟದ ನೀಲಿ ಚಿತ್ರ ಕ್ರಿಸ್ಟಿಯಾನ್ ವೋಲಿನ್ ಅವರದು. ಸ್ವೀಡನ್ನಿನದೇ ಆದ, ಇದೇ ಶೈಲಿಯ ಡಿಸೆಕ್ಷನ್ ತಂಡದ ಪ್ರಸಿದ್ಧ ಆಲ್ಬಂಗಳಿಗೂ ಅವರೇ ಚಿತ್ರ ಬರೆದವರು.

ಡಿಸೆಕ್ಷನ್ ಜೊತೆಗಿನ ಹೋಲಿಕೆಯೇ ಸಾಕ್ರಮೆಂಟಮ್‌ಗೆ ನೆರಳಾಯಿತೆಂದು ನನಗೆ ಅನ್ನಿಸುತ್ತದೆ. ಇವರನ್ನು ಕೇಳಿದವರೆಲ್ಲ ಮೊದಲು ಡಿಸೆಕ್ಷನ್ ಹೆಸರನ್ನೇ ಹೇಳುತ್ತಾರೆ. ಆದರೆ ಡಿಸೆಕ್ಷನ್ ಸಂಗೀತದಲ್ಲಿ ಹೆವಿ ಮೆಟಲ್‌ನ ಗಾಂಭೀರ್ಯವಿದ್ದರೆ, ಇಲ್ಲಿ ನಿಕ್ಲಾಸ್ ರುಡಾಲ್ಫ್‌ಸನ್ ಅವರ ಡ್ರಮ್ಸ್ ಬಿಡುವಿಲ್ಲದೆ ಧಾವಿಸುತ್ತಿರುವಾಗಲೇ ಅದರ ಮೇಲೆ ಗಿಟಾರ್ ನಿಧಾನವಾಗಿ ದುಃಖವನ್ನು ಬಿಡಿಸಿ ಹೇಳುತ್ತದೆ, ಮತ್ತು ಆ ಎರಡು ವೇಗಗಳ ನಡುವಿನ ಅಂತರವೇ ನನ್ನನ್ನು ಈ ಆಲ್ಬಂಗೆ ಕಟ್ಟಿಹಾಕಿದೆ.

ಗೆಳೆಯರೇ, 'ಫಾಗ್ಸ್ ಕಿಸ್' ಎಂಬ ಮೊದಲ ಹಾಡಿನಿಂದಲೇ ಆರಂಭಿಸಿ, ದಯವಿಟ್ಟು ಬೇಸ್‌ನತ್ತ ಕಿವಿಗೊಡಿ.