ಒಂದೇ ದೂರ, ಎರಡು ಲೆಕ್ಕ

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವಾಗ ಹೆಚ್ಚುಕಡಿಮೆ ಎಂಟು ಗಂಟೆ ಹಿಡಿದ ಪ್ರಯಾಣ, ನಿನ್ನೆ ರಾತ್ರಿ ಮರಳುವಾಗ ಆರೂವರೆ ಗಂಟೆಯಲ್ಲೇ ಮುಗಿಯಿತು. ಎರಡು ನಗರಗಳ ನಡುವಿನ ದೂರವಂತೂ ಬದಲಾಗಿಲ್ಲ. ಅದು ಸುಮಾರು 5,570 ಕಿಲೋಮೀಟರ್. ಬದಲಾಗಿದ್ದು ಗಾಳಿ.

ಹತ್ತು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ, ಹೋಗುವಾಗ ವಿಮಾನಕ್ಕೆ ಎದುರಾಗಿ, ಬರುವಾಗ ಬೆನ್ನಿಗೆ ನಿಂತು ನೂಕುತ್ತದೆ. ಮುಂದಿನ ಆಸನದ ಹಿಂಬದಿಯ ಪುಟ್ಟ ಪರದೆಯಲ್ಲಿ ನೆಲದ ಮೇಲಿನ ವೇಗ ಗಂಟೆಗೆ 1,060 ಕಿಲೋಮೀಟರ್ ಎಂದು ಮೂಡಿದಾಗ, ಸುತ್ತಲಿನವರೆಲ್ಲ ನಿದ್ರಿಸುತ್ತಿದ್ದರೂ ನಾನು ಆ ಅಂಕಿಯಿಂದ ಕಣ್ಣು ಕೀಳಲಾರದೆ ಕುಳಿತಿದ್ದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬಲದಿಂದ ಪ್ರಯಾಣಿಕರ ವಿಮಾನವೊಂದು ಇದೇ ಹಾದಿಯನ್ನು ಐದು ಗಂಟೆಗೂ ಕಡಿಮೆ ಅವಧಿಯಲ್ಲಿ ಕ್ರಮಿಸಿತ್ತು.

ಪರದೆಯ ನಕ್ಷೆಯಲ್ಲಿ ಹಾದಿ ಉತ್ತರಕ್ಕೆ ಬಾಗಿದ ಬಿಲ್ಲಿನಂತೆ ಕಾಣುತ್ತದೆ. ಅದು ಸುತ್ತುದಾರಿಯಲ್ಲ, ಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಅದೇ ಅತಿ ಹತ್ತಿರದ ದಾರಿ ಎಂಬುದು ತಿಳಿಯುತ್ತದೆ. (ಮಕ್ಕಳಿಗೆ ಇದನ್ನು ತಪ್ಪದೆ ಮಾಡಿ ತೋರಿಸಬೇಕು.)

ಟಿಕೆಟ್ಟಿನ ಲೆಕ್ಕವೇ ಬೇರೆ. ಬೆಳಿಗ್ಗೆ ಹನ್ನೊಂದಕ್ಕೆ ಲಂಡನ್ ಬಿಟ್ಟವರು ಮಧ್ಯಾಹ್ನ ಎರಡಕ್ಕೆ ನ್ಯೂಯಾರ್ಕ್ ತಲುಪುತ್ತಾರೆ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಗಡಿಯಾರದ ಪ್ರಕಾರ ಮೂರೇ ಗಂಟೆ. ಉಳಿದ ಐದು ಗಂಟೆಗಳನ್ನು ಕಾಲವಲಯ ಮರೆಮಾಡಿರುತ್ತದೆ. ಆ ಐದು ಗಂಟೆಗಳನ್ನು ನಿನ್ನೆ ಹಿಂದಿರುಗಿಸಿ ಬಂದಿದ್ದೇನೆ, ಇನ್ನೂ ಕಣ್ಣು ಎಳೆಯುತ್ತಿದೆ.